ಕೀಟ್ಸನ ತಮ್ಮ ಕೆಂಟಕಿಯಲ್ಲಿ ಏನು ವ್ಯಾಪಾರ ಮಾಡುತ್ತಿದ್ದ? ಅಣ್ಣನ ಹಣ ನುಂಗಿದನೆಂಬ ಮಾತು ಎಷ್ಟು ನಿಜ?

ಪ್ರಶ್ನೆ: ಬಿ.ಎ.ಯಲ್ಲಿ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡಿದ್ದಾಗ ಜಾನ್ ಕೀಟ್ಸನ ಕವಿತೆಗಳನ್ನು ಓದಿದ್ದೆ. ಈಗ ಅವನ ಪತ್ರಗಳನ್ನು ಓದಲು ಕೂತಿದ್ದೇನೆ. ಅಮೆರಿಕಕ್ಕೆ ಹೋಗಿ ನೆಲೆಸಿದ ತಮ್ಮ ಜಾರ್ಜ್‌ಗೆ ಬರೆದ ಕಾಗದಗಳೇ ಎಲ್ಲಕ್ಕಿಂತ ಉದ್ದ. ಆದರೆ ಇದೇ ಜಾರ್ಜ್ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡು, ಅಣ್ಣನ ಪಾಲಿನ ಹಣವನ್ನೂ ಎತ್ತಿಕೊಂಡು ಹೋದ, ಅದರಿಂದಲೇ ಕವಿ ಕೊನೆಗಾಲದಲ್ಲಿ ದುಡ್ಡಿಲ್ಲದೆ ಒದ್ದಾಡಿದ ಎಂದು ಒಂದು ಕಡೆ ಓದಿದೆ. ಇದು ನಿಜವೇ? ಜಾರ್ಜ್ ಅಲ್ಲಿ ಮಾಡುತ್ತಿದ್ದ ವ್ಯಾಪಾರವಾದರೂ ಏನು? ಅಷ್ಟುದ್ದದ ಪತ್ರಗಳು ಏಕೆ ಬೇಕಾದವು? ಎಲ್ಲಿಂದ ಓದಲು ಶುರು ಮಾಡಲಿ?

ಉತ್ತರ: ಜಾರ್ಜ್ ಹಣ ತೆಗೆದುಕೊಂಡು ಹೋದದ್ದು ನಿಜ. ಅಣ್ಣನಿಗೆ ಮೋಸ ಮಾಡಿದನೆಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸುಮಾರು ಇನ್ನೂರು ವರ್ಷಗಳಿಂದ ಈ ಆರೋಪ ಬಾಯಿಂದ ಬಾಯಿಗೆ ದಾಟಿಕೊಂಡು ಬಂದಿದೆ. ಇಪ್ಪತ್ತೈದನೆಯ ವಯಸ್ಸಿಗೇ ತೀರಿಕೊಂಡ ಕವಿಯ ಸಾವಿಗೆ ಯಾರನ್ನಾದರೂ ಹೊಣೆ ಮಾಡಬೇಕೆಂದು ಅವನನ್ನು ಪ್ರೀತಿಸುವವರಿಗೆ ಅನ್ನಿಸುವುದು ಸಹಜ. ಮೊದಲು ಕೈಗೆ ಸಿಕ್ಕವರು ಅವನ ಕಾವ್ಯವನ್ನು ಹೀಗಳೆದ ವಿಮರ್ಶಕರು, ಆಮೇಲೆ ಸಿಕ್ಕವನು ಈ ತಮ್ಮ. ಪತ್ರಗಳನ್ನು ಒಂದು ಕಡೆ, ಜಾರ್ಜ್‌ನ ಲೆಕ್ಕಾಚಾರಗಳನ್ನು ಇನ್ನೊಂದು ಕಡೆ ಇಟ್ಟು ಓದಿದಾಗಲೆಲ್ಲ ಈ ತಪ್ಪು ತೀರ್ಪು ಬರುತ್ತದೆ. ಎರಡನ್ನೂ ತಾರೀಖಿನ ಪ್ರಕಾರ ಜೋಡಿಸಿಕೊಂಡು ಓದಿದರೆ ಚಿತ್ರವೇ ಬೇರೆ. ಆ ಪತ್ರಗಳು ಹುಟ್ಟಿದ್ದೇ ಒಂದು ವ್ಯಾಪಾರದ ಆಸೆಯಿಂದ.

ಮನೆಯ ಸ್ಥಿತಿಯನ್ನು ಮೊದಲು ಹೇಳಿಬಿಡುತ್ತೇನೆ. ಜಾನ್ ಹುಟ್ಟಿದ್ದು 1795ರಲ್ಲಿ, ಜಾರ್ಜ್ 1797ರಲ್ಲಿ, ಟಾಮ್ 1799ರಲ್ಲಿ, ತಂಗಿ ಫ್ಯಾನಿ 1803ರಲ್ಲಿ. ತಂದೆ 1804ರಲ್ಲಿ ಕುದುರೆಯಿಂದ ಬಿದ್ದು ಸತ್ತ. ತಾಯಿ 1810ರಲ್ಲಿ ಕ್ಷಯದಿಂದ ತೀರಿಕೊಂಡಳು. ಸಾಕಿದ ಅಜ್ಜಿಯೂ 1814ರಲ್ಲಿ ಹೋದಳು. ಮಕ್ಕಳ ಆಸ್ತಿಯೆಲ್ಲ ಪೋಷಕನಾದ ರಿಚರ್ಡ್ ಆಬಿ ಎಂಬ ಚಹಾ ವ್ಯಾಪಾರಿಯ ಕೈಯಲ್ಲಿ ಉಳಿಯಿತು. ಜಾನ್ ವೈದ್ಯವೃತ್ತಿ ಕಲಿತು, ಪರವಾನಗಿಯನ್ನೂ ಪಡೆದು, ಕಾವ್ಯಕ್ಕಾಗಿ ಅದನ್ನು ಬಿಟ್ಟ. ಜಾರ್ಜ್ ಆಬಿಯ ಕಚೇರಿಯಲ್ಲಿ ಗುಮಾಸ್ತನಾದ. ಮನೆಯಲ್ಲಿ ಲೆಕ್ಕ ನೋಡುವವನು, ಆಬಿಯ ಬಳಿ ಹೋಗಿ ದುಡ್ಡಿನ ಮಾತಾಡುವವನು, ಕಾಯಿಲೆಯ ಟಾಮ್‌ನನ್ನು ಜೊತೆಗೆ ಕರೆದುಕೊಂಡು ಹೋಗುವವನು, ಎಲ್ಲ ಅವನೇ. ಲೋಕದ ವ್ಯವಹಾರಕ್ಕೂ ತನಗೂ ನಡುವೆ ಜಾರ್ಜ್ ಗೋಡೆಯಂತೆ ನಿಂತಿದ್ದ, ಈಗ ತಾನೇ ಎದುರಿಸಬೇಕಾಗಿದೆ ಎಂದು 1819ರ ಮೇ ತಿಂಗಳ ಒಂದು ಪತ್ರದಲ್ಲಿ ಜಾನ್ ಬೇರೊಬ್ಬರಿಗೆ ಹೇಳಿಕೊಂಡಿದ್ದಾನೆ. ಅಣ್ಣ ಅವನಾದರೂ ಮನೆಯ ಹಿರಿತನ ನಡೆಸಿದವನು ತಮ್ಮ.

1818ರ ಫೆಬ್ರವರಿಯಲ್ಲಿ ಜಾರ್ಜ್‌ಗೆ ಇಪ್ಪತ್ತೊಂದು ತುಂಬಿತು. ತನ್ನ ಪಾಲಿನ ಹಣ ಕೈಗೆ ಬಂತು. ಇಂಗ್ಲೆಂಡಿನಲ್ಲಿ ಆಗ ನೆಪೋಲಿಯನ್ ಯುದ್ಧಗಳು ಮುಗಿದ ಮೇಲಿನ ಮಂದಗತಿ. ಬಂಡವಾಳ ಅಷ್ಟಿಷ್ಟಿರುವ, ಆದರೆ ದೊಡ್ಡವರ ಬೆಂಬಲವಿಲ್ಲದ ಹುಡುಗನಿಗೆ ಅಲ್ಲಿ ಮೇಲೇಳುವ ದಾರಿ ಕಾಣುತ್ತಿರಲಿಲ್ಲ. ಅದೇ ಹೊತ್ತಿಗೆ ಮಾರಿಸ್ ಬರ್ಕ್‌ಬೆಕ್ ಎಂಬ ಇಂಗ್ಲಿಷ್ ರೈತ ಇಲಿನಾಯ್ ಹುಲ್ಲುಗಾವಲಿನಲ್ಲಿ ಇಂಗ್ಲಿಷರದೇ ಒಂದು ವಸಾಹತು ಕಟ್ಟಲು ಹೊರಟಿದ್ದ. ಅವನ ಬರಹಗಳನ್ನು ಓದಿ ಎಷ್ಟೋ ಮಧ್ಯಮ ವರ್ಗದ ಕುಟುಂಬಗಳು ಹಡಗು ಹತ್ತಿದವು. ಅಮೆರಿಕ ಸರ್ಕಾರ ಆಗ ಹೊಸ ಭೂಮಿಯನ್ನು ಎಕರೆಗೆ 2 ಡಾಲರಿನಂತೆ, ಕಾಲು ಭಾಗ ಮೊದಲು ಕಟ್ಟಿ ಉಳಿದದ್ದನ್ನು ಕಂತಿನಲ್ಲಿ ಕೊಡುವ ಕರಾರಿನ ಮೇಲೆ ಮಾರುತ್ತಿತ್ತು. ಜಾರ್ಜ್ 1,400 ಎಕರೆ ಕೊಳ್ಳುವ ಯೋಚನೆಯಲ್ಲಿದ್ದಾನೆ ಎಂದು ಜಾನ್ ಒಬ್ಬ ಗೆಳೆಯನಿಗೆ ಬರೆದ. ಮೇ ತಿಂಗಳಲ್ಲಿ ಜಾರ್ಜಿಯಾನಾ ವೈಲಿಯ ಜೊತೆ ಮದುವೆ, ಜೂನ್‌ನಲ್ಲಿ ಪ್ರಯಾಣ. ಅಣ್ಣ ಲಿವರ್‌ಪೂಲ್‌ವರೆಗೆ ಹೋಗಿ ಬೀಳ್ಕೊಟ್ಟು, ಅಲ್ಲಿಂದ ಗೆಳೆಯ ಚಾರ್ಲ್ಸ್ ಬ್ರೌನ್ ಜೊತೆ ಉತ್ತರಕ್ಕೆ ಕಾಲ್ನಡಿಗೆಯ ಪ್ರವಾಸ ಹೊರಟ.

ಹೋಗುವಾಗ ಜಾರ್ಜ್ ತನ್ನ ಹಣದಲ್ಲಿ ಒಂದಷ್ಟನ್ನು ಅಣ್ಣನಿಗೂ ಟಾಮ್‌ಗೂ ಬಿಟ್ಟು ಹೋದ. ಆರೋಪ ಮಾಡುವವರು ಇದನ್ನು ಮರೆಯುತ್ತಾರೆ. ಅವನು ಹೊರಟದ್ದೇ ಮನೆಗೆ ಒಂದು ಆದಾಯ ಹುಟ್ಟಿಸಲು. ಕವಿತೆಯಿಂದ ಅಣ್ಣನಿಗೆ ಅನ್ನ ಹುಟ್ಟುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಆಗಸ್ಟ್ ಕೊನೆಗೆ ಗಂಡ ಹೆಂಡತಿ ಫಿಲಡೆಲ್ಫಿಯಾದಲ್ಲಿ ಇಳಿದರು. ಅಲ್ಲಿಂದ ಗುಡ್ಡಗಳನ್ನು ದಾಟಿ ಪಿಟ್ಸ್‌ಬರ್ಗ್‌ವರೆಗೆ ಗಾಡಿ ದಾರಿ, ಆಮೇಲೆ ಒಹಾಯೋ ನದಿಯ ಮೇಲೆ ದೋಣಿ. ಇಲಿನಾಯ್‌ನ ಕನಸು ಅಲ್ಲಿಗೇ ನಿಂತಿತು. ಉಳುಮೆ ಗೊತ್ತಿಲ್ಲದ ಲಂಡನ್ ಗುಮಾಸ್ತನಿಗೆ ಹುಲ್ಲುಗಾವಲಿನ ಮಣ್ಣನ್ನು ಮುರಿಯುವುದು ಆಗುವ ಮಾತಲ್ಲವೆಂದು ಜಾರ್ಜ್‌ಗೆ ಬೇಗ ತಿಳಿದಿರಬೇಕು. ಕೆಂಟಕಿಯ ಹೆಂಡರ್ಸನ್ ಎಂಬ ನದಿಯಂಚಿನ ಊರಿನಲ್ಲಿ ಆ ದಂಪತಿಗಳು ಒಬ್ಬ ವ್ಯಾಪಾರಿಯ ಮನೆಯಲ್ಲಿ ಉಳಿದರು. ಆ ವ್ಯಾಪಾರಿ ಮುಂದೆ ಹಕ್ಕಿಗಳ ಚಿತ್ರಗಳಿಂದ ಜಗತ್ತಿಗೇ ಹೆಸರಾದ ಜಾನ್ ಜೇಮ್ಸ್ ಆಡುಬನ್. ಅವನ ಹೆಂಡತಿ ಲೂಸಿ ಇಂಗ್ಲೆಂಡಿನವಳು, ಆದ್ದರಿಂದ ಜಾರ್ಜಿಯಾನಾಗೆ ಒಂದು ಆಸರೆ ಸಿಕ್ಕಿತು.

ಆ ದಿನಗಳ ಒಂದು ಪ್ರಸಂಗವನ್ನು ಜಾರ್ಜ್‌ನ ಗೆಳೆಯ, ಪಾದ್ರಿ ಜೇಮ್ಸ್ ಫ್ರೀಮನ್ ಕ್ಲಾರ್ಕ್ ಮುಂದೆ ಬರೆದಿಟ್ಟ. ಜಾರ್ಜ್ ಒಂದು ಮರದ ದಿಮ್ಮಿಯನ್ನು ಕೊಡಲಿಯಿಂದ ಕಡಿಯುತ್ತಿದ್ದ, ಅದು ಒಡೆಯುತ್ತಲೇ ಇರಲಿಲ್ಲ. ನೋಡುತ್ತ ನಿಂತಿದ್ದ ಆಡುಬನ್, ನಾನು ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ನೀನು ಒಂದು ಗಂಟೆ ತೆಗೆದುಕೊಂಡೆ, ಆದರೂ ಬಿಡಲಿಲ್ಲ, ಇಂಥವನು ಈ ದೇಶದಲ್ಲಿ ಉದ್ಧಾರವಾಗುತ್ತಾನೆ ಎಂದನಂತೆ. ಜಾರ್ಜ್ ಮುಂದೆ ಅನ್ನ ಕಂಡುಕೊಂಡದ್ದು ಮರ ಕೊಯ್ಯುವ ಉದ್ಯಮದಲ್ಲೇ.

ಆದರೆ ಅದಕ್ಕೆ ಮೊದಲೇ ಪೆಟ್ಟು ಬಿತ್ತು. ಆಡುಬನ್‌ನ ಮಾತಿನ ಮೇಲೆ ಜಾರ್ಜ್ ಒಂದು ಸ್ಟೀಮ್‌ಬೋಟಿನಲ್ಲಿ ಹಣ ಹಾಕಿದ. ದೋಣಿಯೂ ಹೋಯಿತು, ಹಣವೂ ಹೋಯಿತು. ಈ ಸುದ್ದಿ ಅಣ್ಣನಿಗೆ ತಲುಪಿದ್ದು 1819ರ ಸೆಪ್ಟೆಂಬರ್ 10ರಂದು, ಅವನು ವಿಂಚೆಸ್ಟರ್‌ನಲ್ಲಿದ್ದಾಗ. ಜಾನ್ ಅವತ್ತೇ ಲಂಡನ್ನಿಗೆ ಓಡಿ ಆಬಿಯನ್ನು ಕಂಡು, ಏನಾದರೂ ಹಣ ಹೊರಡುತ್ತದೆಯೇ ಎಂದು ಕೇಳಿದ. ವಾಪಸು ಬಂದು ತಮ್ಮನಿಗೆ ಬರೆದ ಪತ್ರದಲ್ಲಿ ಆಡುಬನ್‌ನನ್ನು ಪ್ರಾಮಾಣಿಕನಲ್ಲವೆಂದೇ ಕರೆದ, ಆಸ್ತಿವಂತನೆಂದು ನಿಮ್ಮನ್ನು ಅವನು ಏಕೆ ನಂಬಿಸಿದ ಎಂದು ಕೇಳಿದ.

ಇಲ್ಲಿ ಆಡುಬನ್ ಪರವಾಗಿಯೂ ಒಂದು ಮಾತು ಹೇಳಬೇಕು. 1819 ಅಮೆರಿಕದ ಮೊದಲ ದೊಡ್ಡ ಆರ್ಥಿಕ ಕುಸಿತದ ವರ್ಷ. ಕೆಂಟಕಿ ಸರ್ಕಾರ ಹಿಂದಿನ ವರ್ಷವಷ್ಟೇ ನಲವತ್ತು ಹೊಸ ಬ್ಯಾಂಕುಗಳಿಗೆ ಒಪ್ಪಿಗೆ ಕೊಟ್ಟಿತ್ತು. ಅವು ಅಚ್ಚು ಹಾಕಿದ ನೋಟುಗಳ ಹಿಂದೆ ಬೆಳ್ಳಿ ಬಂಗಾರ ಇರಲಿಲ್ಲ. ದೊಡ್ಡ ಬ್ಯಾಂಕು ಸಾಲ ವಾಪಸು ಕೇಳಿದ ಕೂಡಲೇ ಪಶ್ಚಿಮದ ಊರುಗಳಲ್ಲಿ ನಗದು ಮಾಯವಾಯಿತು. ಹೆಂಡರ್ಸನ್‌ನಲ್ಲಿ ಆಡುಬನ್ ಕಟ್ಟಿದ್ದ ಉಗಿ ಮಿಲ್ಲು ಮುಳುಗಿತು, ಅವನು ಸಾಲಕ್ಕಾಗಿ ಜೈಲು ಕಂಡು ದಿವಾಳಿ ಅರ್ಜಿ ಹಾಕಿದ. ಅವನು ಜಾರ್ಜ್‌ನನ್ನು ಬೇಕೆಂದೇ ಕೆಡಿಸಿದ ಎನ್ನುವುದಕ್ಕಿಂತ, ತಾನು ಮುಳುಗುತ್ತಿರುವಾಗ ಪಕ್ಕದವನ ಕೈ ಹಿಡಿದ ಎನ್ನುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಲಂಡನ್ನಿನಲ್ಲಿ ಕೂತ ಜಾನ್‌ಗೆ ಈ ನದಿ ಊರುಗಳ ಹಣದ ಸ್ಥಿತಿ ಗೊತ್ತಾಗುವ ದಾರಿಯೇ ಇರಲಿಲ್ಲ.

ಅದೇ ವಾರ, ಸೆಪ್ಟೆಂಬರ್ 19ರಂದು, ಜಾನ್ ವಿಂಚೆಸ್ಟರ್‌ನ ಹೊಲಗಳ ಕಡೆ ನಡೆದುಬಂದು ಶರತ್ಕಾಲದ ಮೇಲಿನ ತನ್ನ ಕವಿತೆ ಬರೆದ. ಕಾಲೇಜಿನಲ್ಲಿ ನೀವು ಓದಿರುವ ಆ ಮಾಗಿದ ಹಣ್ಣಿನ ಕವಿತೆಯ ಹಿಂದೆ ಮುಂದೆ ಎರಡೂ ಕಡೆ ಸಾಲ, ಪೋಷಕ, ಮುಳುಗಿದ ದೋಣಿಯ ಮಾತುಗಳಿವೆ. ಕವಿತೆಯೊಳಗೆ ಅದರ ಒಂದು ಅಕ್ಷರವೂ ನುಸುಳಿಲ್ಲ. ಇದನ್ನು ತರಗತಿಯಲ್ಲಿ ಯಾರೂ ನಮಗೆ ಹೇಳಲಿಲ್ಲ ಎನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ.

ಈಗ ಪತ್ರಗಳ ಉದ್ದದ ಪ್ರಶ್ನೆ. ಲಿವರ್‌ಪೂಲ್‌ನಿಂದ ನ್ಯೂಯಾರ್ಕಿಗೆ ಹಾಯಿಹಡಗು ಎದುರು ಗಾಳಿಯಲ್ಲಿ ಸುಮಾರು 40 ದಿನ ತೆಗೆದುಕೊಳ್ಳುತ್ತಿತ್ತು, ಆ ಕಡೆಯಿಂದ ಈ ಕಡೆಗೆ ಗಾಳಿ ಬೆನ್ನಿಗಿದ್ದು ಮೂರು ನಾಲ್ಕು ವಾರ. ನಿಗದಿತ ದಿನಕ್ಕೆ ಹೊರಡುವ ಹಡಗುಗಳು ಶುರುವಾದದ್ದೇ 1818ರ ಜನವರಿಯಲ್ಲಿ. ಬಂದರಿನಿಂದ ಕೆಂಟಕಿಗೆ ಮತ್ತೆ ವಾರಗಳು. ಬರೆದ ಮಾತಿಗೆ ಉತ್ತರ ಬರಲು ಅರ್ಧ ವರ್ಷವೇ ಬೇಕಾಗುತ್ತಿತ್ತು. ಟಾಮ್ 1818ರ ಡಿಸೆಂಬರ್ 1ರಂದು ಕ್ಷಯದಿಂದ ಸತ್ತ. ಆ ಚಳಿಗಾಲವೆಲ್ಲ ಅಮೆರಿಕದಲ್ಲಿ ಜಾರ್ಜ್‌ನ ಲೆಕ್ಕದಲ್ಲಿ ತಮ್ಮ ಇನ್ನೂ ಬದುಕಿದ್ದ.

ಅಂಚೆ ಖರ್ಚೂ ಸಣ್ಣದಲ್ಲ. ಅಮೆರಿಕದೊಳಗೆ 400 ಮೈಲಿಗಿಂತ ಹೆಚ್ಚು ದೂರಕ್ಕೆ ಒಂದು ಹಾಳೆಗೆ 25 ಸೆಂಟು, ಎರಡು ಹಾಳೆಯಾದರೆ ಎರಡು ಪಟ್ಟು. ಸಾಮಾನ್ಯವಾಗಿ ದುಡ್ಡು ಕೊಡುತ್ತಿದ್ದವರು ಕಾಗದ ಪಡೆದವರು. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯ ಲೆಕ್ಕ. ಅದಕ್ಕೇ ಹಾಳೆಯನ್ನೇ ಮಡಿಸಿ, ಅರಗು ಹಾಕಿ, ಹೊರಮೈ ಮೇಲೆ ವಿಳಾಸ ಬರೆಯುತ್ತಿದ್ದರು. ಜಾಗ ಸಾಲದಿದ್ದರೆ ತುಂಬಿದ ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ, ಮೊದಲಿನ ಸಾಲುಗಳ ಮೇಲೆಯೇ ಹಾದುಹೋಗುವಂತೆ ಮತ್ತೆ ಬರೆಯುತ್ತಿದ್ದರು. ಮೊದಲ ಸಲ ನೋಡಿದವರಿಗೆ ಅದು ಬಲೆಯಂತೆ ಕಾಣುತ್ತದೆ. ಒಂದು ದಿಕ್ಕಿನ ಗೆರೆಗಳ ಮೇಲೆ ಕಣ್ಣು ಕೂರಿಸಿ, ಇನ್ನೊಂದನ್ನು ಮರೆತು ಓದುವ ಅಭ್ಯಾಸವಾಗಬೇಕು. ದೂರದವರಿಗೆ ಹೋಗುವ ಕಟ್ಟನ್ನು ಆ ಕಡೆ ಹೊರಟ ಪರಿಚಿತರ ಕೈಗೋ ವ್ಯಾಪಾರಿಗಳ ಕೈಗೋ ಕೊಡುವುದೂ ಇತ್ತು.

ಹೀಗಾಗಿ ಜಾನ್ ದಿನಚರಿಯಂಥ ಪತ್ರಗಳನ್ನು ಕಂಡುಕೊಂಡ. ಕಾಗದ ತೆಗೆದುಕೊಂಡು ಹೋಗುವವರು ಸಿಗುವತನಕ ದಿನದಿನವೂ ಸೇರಿಸುತ್ತಾ ಹೋಗುವುದು. 1818ರ ಅಕ್ಟೋಬರ್‌ನ ಪತ್ರ ಎರಡು ವಾರದ್ದು. ಟಾಮ್ ಸಾವಿನ ನಂತರದ್ದು ಡಿಸೆಂಬರ್ ನಡುವಿನಿಂದ ಜನವರಿ 4ರವರೆಗಿನದು. ಅತಿ ದೊಡ್ಡದು 1819ರ ಫೆಬ್ರವರಿ 14ರಿಂದ ಮೇ 3ರವರೆಗೆ ಬೆಳೆದದ್ದು. ಸೆಪ್ಟೆಂಬರ್‌ನದು ಹತ್ತು ದಿನಗಳದ್ದು. ಡಿಸೆಂಬರ್ ಪತ್ರದಲ್ಲಿ ಒಂದು ಸೂಚನೆಯಿದೆ: ನಾನು ಪ್ರತಿ ಭಾನುವಾರ ಹತ್ತು ಗಂಟೆಗೆ ಶೇಕ್ಸ್‌ಪಿಯರ್‌ನ ಒಂದು ಭಾಗ ಓದುತ್ತೇನೆ, ನೀವೂ ಅದೇ ಹೊತ್ತಿಗೆ ಓದಿ, ಒಂದೇ ಕೋಣೆಯಲ್ಲಿರುವ ಕುರುಡರು ಎಷ್ಟು ಹತ್ತಿರವೋ ಅಷ್ಟು ಹತ್ತಿರ ಇರೋಣ ಎಂದು. ಲಂಡನ್ನಿನ ಹತ್ತು ಗಂಟೆಗೆ ಕೆಂಟಕಿಯಲ್ಲಿ ಇನ್ನೂ ಬೆಳಕು ಹರಿದಿರುವುದಿಲ್ಲ. ಅದು ಅಣ್ಣನಿಗೆ ಆ ಹೊತ್ತಿನಲ್ಲಿ ಮುಖ್ಯವಾಗಿ ಕಾಣಲಿಲ್ಲ, ನನಗೂ ಕಾಣುವುದಿಲ್ಲ.

ಫೆಬ್ರವರಿಯಿಂದ ಮೇವರೆಗಿನ ಪತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಾರ್ಚ್ 12ರ ರಾತ್ರಿ ಜಾನ್ ತಾನು ಕೂತಿರುವ ಭಂಗಿಯನ್ನೇ ವರ್ಣಿಸುತ್ತಾನೆ. ಒಲೆಯ ಬೆಂಕಿ ಆರುತ್ತಾ ಬಂದಿದೆ, ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಾನೆ, ಒಂದು ಪಾದ ನೆಲಹಾಸಿನ ಮೇಲೆ ಸೊಟ್ಟಗೆ, ಇನ್ನೊಂದರ ಹಿಮ್ಮಡಿ ತುಸು ಎತ್ತಿದೆ. ಇದೆಲ್ಲ ಕ್ಷುಲ್ಲಕ ಸಂಗತಿ, ಆದರೆ ಬಹಳ ಹಿಂದೆ ಸತ್ತ ದೊಡ್ಡವನೊಬ್ಬನ ಬಗ್ಗೆ ಇಂಥದ್ದು ತಿಳಿದರೆ ಎಷ್ಟು ಸಂತೋಷವಾಗುತ್ತಿತ್ತು, ಹ್ಯಾಮ್ಲೆಟ್‌ನ ಆ ಪ್ರಸಿದ್ಧ ಮಾತು ಶುರು ಮಾಡುವಾಗ ಶೇಕ್ಸ್‌ಪಿಯರ್ ಹೇಗೆ ಕೂತಿದ್ದ ಎಂದು ತಿಳಿಯುವಂತಿದ್ದರೆ ಎನ್ನುತ್ತಾನೆ. ಕೆಲವು ದಿನ ಬಿಟ್ಟು, ಕ್ರಿಕೆಟ್ ಬ್ಯಾಟು ಹಿಡಿದ ಮೊದಲ ಸಲವೇ ಚೆಂಡು ಬಡಿದು ಕಣ್ಣು ಊದಿಕೊಂಡ ಸುದ್ದಿ. ಏಪ್ರಿಲ್‌ನಲ್ಲಿ ದಾರಿಯಲ್ಲಿ ಸಿಕ್ಕ ಕವಿ ಕೋಲ್‌ರಿಜ್ ನಡೆಯುತ್ತಾ ಮಾತಾಡಿದ ಹತ್ತಾರು ವಿಷಯಗಳ ಪಟ್ಟಿ. ಅದರ ನಡುವೆಯೇ, ಈಗ ಎಲ್ಲ ಸಂಕಲನಗಳಲ್ಲೂ ಇರುವ ಆ ನಿರ್ದಯಿ ಸುಂದರಿಯ ಲಾವಣಿ. ಅದೇ ಏಪ್ರಿಲ್ 21ರಂದು, ಈ ಲೋಕವನ್ನು ಕಣ್ಣೀರಿನ ಕಣಿವೆಯೆನ್ನಬೇಡಿ, ಆತ್ಮಗಳು ರೂಪುಗೊಳ್ಳುವ ಕಣಿವೆಯೆನ್ನಿ ಎಂಬ ವಾದ. ಲೋಕ ಒಂದು ಶಾಲೆ, ಮನುಷ್ಯನ ಹೃದಯ ಅಲ್ಲಿನ ಅಕ್ಷರಮಾಲೆಯ ಹಲಗೆ, ಓದಲು ಕಲಿತ ಮಗುವೇ ಆತ್ಮ. ಟಾಮ್ ಸತ್ತು ಐದು ತಿಂಗಳೂ ಆಗಿರಲಿಲ್ಲ. ಇದನ್ನು ಅವನು ಯಾವ ಪತ್ರಿಕೆಗೂ ಬರೆಯಲಿಲ್ಲ. ಕೆಂಟಕಿಯಲ್ಲಿದ್ದ ತಮ್ಮನಿಗೆ, ತಮ್ಮನ ಹೆಂಡತಿಗೆ ಬರೆದ.

ತಮ್ಮ ಪಕ್ಕದ ಬೀದಿಯಲ್ಲೇ ಇದ್ದಿದ್ದರೆ ಇದರಲ್ಲಿ ಮುಕ್ಕಾಲು ಪಾಲು ಸಂಜೆ ಚಹಾದ ಜೊತೆ ಮಾತಾಗಿ ಮುಗಿದುಹೋಗುತ್ತಿತ್ತು. ಜಾರ್ಜ್ ಹಣ ಮಾಡಲು ಹೋದದ್ದರಿಂದ ನಮಗೆ ಸಿಕ್ಕಿದ್ದು ಇದು.

ಇನ್ನು 1820ರ ಜನವರಿ, ಅಂದರೆ ಆರೋಪ ಹುಟ್ಟಿದ ತಿಂಗಳು. ಬಂಡವಾಳ ಕಳೆದುಕೊಂಡ ಜಾರ್ಜ್ ಹೆಂಡತಿಯನ್ನೂ ಒಂದು ವರ್ಷವೂ ತುಂಬದ ಮಗುವನ್ನೂ ಕೆಂಟಕಿಯ ಲೂಯಿವಿಲ್ ಊರಿನಲ್ಲಿ ಬಿಟ್ಟು ಒಬ್ಬನೇ ಲಂಡನ್ನಿಗೆ ಬಂದ. ಟಾಮ್‌ನ ಆಸ್ತಿ ಪಾಲಾಗಬೇಕಿತ್ತು. ಮೂರು ವಾರದಷ್ಟು ಇದ್ದು, ಸುಮಾರು 700 ಪೌಂಡು, ಅಂದರೆ ಆಗಿನ 3,000 ಡಾಲರಿಗೂ ಮೇಲ್ಪಟ್ಟ ಹಣದೊಂದಿಗೆ ಹೊರಟ. ಅದರಲ್ಲಿ ಟಾಮ್‌ನಿಂದ ಬಂದ ಅವನ ಸ್ವಂತ ಪಾಲೂ ಇತ್ತು, ಅಣ್ಣನಿಂದ ಪಡೆದದ್ದೂ ಇತ್ತು. ಜಾನ್ ಕೈಯಲ್ಲಿ ಉಳಿದದ್ದು ತೀರಾ ಕಡಿಮೆ. ಜನವರಿ 28ರಂದು ಜಾರ್ಜ್ ಲಂಡನ್ ಬಿಟ್ಟ. ಫೆಬ್ರವರಿ 3ರ ರಾತ್ರಿ, ಚಳಿಯಲ್ಲಿ ಕುದುರೆ ಕೋಚಿನ ಹೊರಗಡೆ ಕೂತು ಬಂದ ಜಾನ್ ರಕ್ತ ಕೆಮ್ಮಿದ. ಜಾರ್ಜ್‌ನ ಹಡಗು ಅಷ್ಟರಲ್ಲಿ ಲಿವರ್‌ಪೂಲ್ ಬಿಟ್ಟಾಗಿತ್ತು.

ಈ ತಾರೀಖುಗಳನ್ನು ಗಮನಿಸಿ. ಹೊರಡುವಾಗ ಜಾರ್ಜ್ ಕಂಡದ್ದು ಸಾಯುತ್ತಿರುವ ಅಣ್ಣನನ್ನಲ್ಲ. ಗಂಟಲು ನೋವು, ಮಂಕು ಇದ್ದವು, ನಿಜ. ಆದರೆ ಇನ್ನೊಂದು ಪುಸ್ತಕ ಅಚ್ಚಿಗೆ ಸಿದ್ಧಪಡಿಸುತ್ತಿದ್ದ ಅಣ್ಣ ಅವನು. ಜಾರ್ಜ್ ಲಂಡನ್ನಿನಲ್ಲಿದ್ದಾಗಲೇ, ಅವನ ಕೈಯಲ್ಲೇ ಕಳಿಸಲೆಂದು ಜಾನ್ ಜಾರ್ಜಿಯಾನಾಗೆ ಬರೆದ ಪತ್ರ ತಮಾಷೆಯಿಂದ ತುಂಬಿದೆ. ಅಣ್ಣನ ಹೊಸ ಕವಿತೆಗಳನ್ನು ಜಾರ್ಜ್ ಅದೇ ದಿನಗಳಲ್ಲಿ ಕೂತು ಒಂದು ನೋಟ್‌ಪುಸ್ತಕಕ್ಕೆ ನಕಲು ಮಾಡಿಕೊಂಡ. ದೋಚಲು ಬಂದವನು ಮಾಡುವ ಕೆಲಸ ಇದಲ್ಲ.

ಆದರೂ ಅವನನ್ನು ಪೂರ್ತಿ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಹಣ ಬೇಗ ಕಳಿಸುತ್ತೇನೆಂಬ ಅವನ ಮಾತು ಆಸೆಯ ಮೇಲೆ ನಿಂತ ಮಾತು. ಒಮ್ಮೆ ಕೈ ಸುಟ್ಟುಕೊಂಡವನು ಅಣ್ಣನ ಕೈ ಬರಿದಾಗುವಷ್ಟು ತೆಗೆದುಕೊಳ್ಳಬಾರದಿತ್ತು. ಜಾನ್ ಇದರಿಂದ ನೊಂದಿದ್ದನೆಂದು ಗೆಳೆಯರು ಮುಂದೆ ಹೇಳಿದರು, ಅದನ್ನು ಅಲ್ಲಗಳೆಯಲು ಕಾರಣವಿಲ್ಲ. ಆ ವರ್ಷ ಬೇಸಿಗೆಯಲ್ಲಿ ಇಟಲಿಗೆ ಹೋಗಲು ಖರ್ಚಿಗೆ ಬೇಕಾದಾಗ ಜಾರ್ಜ್‌ನಿಂದ ಹಣ ಬರಲಿಲ್ಲ, ಪ್ರಕಾಶಕರು ಹೊಂದಿಸಿಕೊಟ್ಟರು. ಜಾನ್ 1821ರ ಫೆಬ್ರವರಿ 23ರಂದು ರೋಮಿನಲ್ಲಿ ತೀರಿಕೊಂಡ.

ಜಾರ್ಜ್‌ನನ್ನು ಕಟುವಾಗಿ ದೂರಿದವನು ಚಾರ್ಲ್ಸ್ ಬ್ರೌನ್, ಅವನ ಪರ ನಿಂತವನು ಚಾರ್ಲ್ಸ್ ಡಿಲ್ಕ್. ಇಬ್ಬರೂ ಜಾನ್‌ನ ಆಪ್ತರು, ಈ ವಿಷಯಕ್ಕೇ ಅವರ ಸ್ನೇಹ ಮುರಿಯಿತು. 1824ರಲ್ಲಿ ಜಾರ್ಜ್ ಡಿಲ್ಕ್‌ಗೆ ಬರೆದು ತನ್ನ ಲೆಕ್ಕ ಒಪ್ಪಿಸಿದ. ಅಮೆರಿಕಕ್ಕೆ ಬರುವ ಮೊದಲು ತಾನು ಅಣ್ಣನಿಗಾಗಿ, ಟಾಮ್‌ಗಾಗಿ ಖರ್ಚು ಮಾಡಿದ್ದು ಎಷ್ಟು, ಬಿಟ್ಟುಹೋದದ್ದು ಎಷ್ಟು ಎಂದು ವಿವರಿಸಿದ. ಡಿಲ್ಕ್‌ಗೆ ಅದು ಸರಿಯೆನ್ನಿಸಿತು. ಬ್ರೌನ್‌ಗೆ 1820ರ ಒಂದು ಪುಟ ಕಂಡಿತ್ತು, ಹಿಂದಿನ ಪುಟಗಳು ಕಂಡಿರಲಿಲ್ಲ. ಮುಂದೆ ತನ್ನ ಮರ ಕೊಯ್ಯುವ ಮಿಲ್ಲು ದುಡಿಯತೊಡಗಿದ ಮೇಲೆ ಜಾರ್ಜ್ ಅಣ್ಣನ ಸಾಲಗಳನ್ನು ತೀರಿಸಿದ.

ಇವರೆಲ್ಲ ಮರೆತ ಇನ್ನೊಂದು ಸಂಗತಿ ನನ್ನ ಹೊಟ್ಟೆ ಉರಿಸುತ್ತದೆ. ಅಜ್ಜನ ಉಯಿಲಿನಿಂದ ಮಕ್ಕಳಿಗೆ ಸೇರಬೇಕಾದ ಹಣ ಲಂಡನ್ನಿನ ಚಾನ್ಸರಿ ಕೋರ್ಟಿನಲ್ಲಿ ಆ ಎಲ್ಲ ವರ್ಷವೂ ಬಿದ್ದಿತ್ತು. ಅರ್ಜಿ ಹಾಕಿದ್ದರೆ ಸಿಗುತ್ತಿತ್ತು. ಅಂಥದ್ದೊಂದು ಹಣವಿದೆಯೆಂದು ಜಾನ್‌ಗೆ ಗೊತ್ತೇ ಆಗಲಿಲ್ಲ. ಅವನು ಸತ್ತ ಮೇಲೆ, ತಂಗಿ ಫ್ಯಾನಿ ವಯಸ್ಸಿಗೆ ಬಂದಾಗ ಅದು ಹೊರಬಿತ್ತು. ಅಣ್ಣ ತಮ್ಮಂದಿರು ಒಂದೊಂದು ಪೌಂಡಿಗೂ ಪತ್ರ ಬರೆದುಕೊಂಡಿದ್ದಾಗ ಅವರದೇ ದುಡ್ಡು ಕೋರ್ಟಿನಲ್ಲಿ ಬಡ್ಡಿ ಕಟ್ಟಿಕೊಂಡು ಕೂತಿತ್ತು. ಹೊಣೆ ಹೊರಿಸಲೇಬೇಕೆಂದರೆ ನಾನು ಮೊದಲು ಬೆರಳು ತೋರುವುದು ಲೆಕ್ಕ ಮುಚ್ಚಿಟ್ಟುಕೊಂಡೇ ಇದ್ದ ಪೋಷಕ ಆಬಿಯ ಕಡೆಗೆ.

ಇನ್ನು ಜಾರ್ಜ್‌ನ ವ್ಯಾಪಾರ. ಅವನು ನಡೆಸಿದ್ದು ಸಾಮಿಲ್ಲು, ಉಗಿಯಿಂದ ಓಡುವ ಮರ ಕೊಯ್ಯುವ ಮಿಲ್ಲು. ಲೂಯಿವಿಲ್‌ನಲ್ಲಿ ಆ ಉದ್ಯಮ ಏಕೆ ಗಿಟ್ಟಿತು ಎಂಬುದಕ್ಕೆ ಒಹಾಯೋ ನದಿಯನ್ನು ನೋಡಬೇಕು. ಆ ಉದ್ದನೆಯ ನದಿಯಲ್ಲಿ ಬಂಡೆಗಳ ಮೇಲೆ ನೀರು ಧುಮುಕುವ ದೊಡ್ಡ ಅಡಚಣೆ ಇದ್ದದ್ದು ಅಲ್ಲೇ. ನೀರು ಕಡಿಮೆಯಿದ್ದಾಗ ದೋಣಿಗಳ ಸರಕನ್ನು ಒಂದು ಕಡೆ ಇಳಿಸಿ, ಗಾಡಿಯಲ್ಲಿ ಸಾಗಿಸಿ, ಕೆಳಗಡೆ ಮತ್ತೆ ತುಂಬಬೇಕು. ಇಳಿಸುವ ಜಾಗದಲ್ಲಿ ಗೋದಾಮು, ಅಂಗಡಿ, ವಸತಿಗೃಹ ಹುಟ್ಟಿಕೊಂಡು ಊರು ಬೆಳೆಯಿತು. 1820ರಲ್ಲಿ 4,012 ಇದ್ದ ಜನಸಂಖ್ಯೆ 1830ಕ್ಕೆ 10,341, 1840ಕ್ಕೆ 21,210 ಆಯಿತು. ಆ ಜನಕ್ಕೆಲ್ಲ ಮನೆ ಬೇಕು, ಮನೆಗೆ ಹಲಗೆ ತೊಲೆ ಬೇಕು, ಸ್ಟೀಮ್‌ಬೋಟುಗಳಿಗೂ ಮರವೇ ಬೇಕು. ಕಾಡಿನ ದಿಮ್ಮಿಗಳನ್ನು ತೆಪ್ಪ ಕಟ್ಟಿ ನದಿಯಲ್ಲಿ ತೇಲಿಬಿಟ್ಟರೆ ಮಿಲ್ಲಿನ ಬಾಗಿಲಿಗೇ ಬರುತ್ತಿದ್ದವು. ಹೊಲದ ಕನಸು, ದೋಣಿಯ ಕನಸು ಕಳೆದುಕೊಂಡ ಜಾರ್ಜ್ ಕೊನೆಗೆ ಆರಿಸಿಕೊಂಡದ್ದು ಪ್ರತಿದಿನ ಗಿರಾಕಿ ಇರುವ ಸರಕನ್ನು. ಅದು ಅವನ ಬುದ್ಧಿವಂತಿಕೆ.

ಹದಿನೈದು ವರ್ಷದಲ್ಲಿ ಅವನು ಊರಿನ ದೊಡ್ಡ ಮನುಷ್ಯರಲ್ಲೊಬ್ಬನಾದ. ಬ್ಯಾಂಕಿನ ಆಡಳಿತ ಮಂಡಳಿ, ನಗರಸಭೆ, ಚರ್ಚು, ಸಾಹಿತ್ಯದ ಕೂಟ, ಎಲ್ಲೆಲ್ಲೂ ಇದ್ದ. 1835ರಲ್ಲಿ ವಾಲ್ನಟ್ ಬೀದಿಯಲ್ಲಿ ಕಟ್ಟಿದ ಮನೆಯನ್ನು ಜನ ಇಂಗ್ಲಿಷರವನ ಅರಮನೆ ಎಂದೇ ಕರೆದರು. ಎಂಟು ಮಕ್ಕಳು. ಕೆಂಟಕಿ ಗುಲಾಮಗಿರಿಯ ರಾಜ್ಯ, ಅವನ ಮನೆಯಲ್ಲೂ ಗುಲಾಮರಿದ್ದರು. ಮನುಷ್ಯನ ಹೃದಯವನ್ನು ಕುರಿತು ಅಣ್ಣ ಬರೆದ ಆ ಕಾಗದಗಳು ಅದೇ ಮನೆಯ ಪೆಟ್ಟಿಗೆಯಲ್ಲಿದ್ದವು. ಜಾರ್ಜ್‌ನ ಒಳ್ಳೆಯತನವನ್ನು ಬರೆಯುವವರು ಈ ಸಾಲನ್ನು ಬಿಟ್ಟುಬಿಡಬಾರದು.

ಅವನ ಸಂಪತ್ತು ಹೋದದ್ದು ಜಾಮೀನಿನಿಂದ. ನಗದು ಕಡಿಮೆಯಿದ್ದ ಆ ಊರುಗಳಲ್ಲಿ ವ್ಯಾಪಾರ ನಡೆಯುತ್ತಿದ್ದದ್ದು ಹುಂಡಿಯಂಥ ಸಾಲಪತ್ರಗಳ ಮೇಲೆ. ಹೆಸರುವಾಸಿಯಾದವನು ಹಿಂಬದಿಯಲ್ಲಿ ಸಹಿ ಹಾಕಿದರೆ ಬ್ಯಾಂಕು ಆ ಪತ್ರಕ್ಕೆ ಹಣ ಕೊಡುತ್ತಿತ್ತು, ಸಾಲಗಾರ ಕಟ್ಟದಿದ್ದರೆ ಸಹಿ ಹಾಕಿದವನು ಕಟ್ಟಬೇಕು. ನಮ್ಮ ಊರುಗಳಲ್ಲಿ ಸ್ನೇಹಿತನ ಸಾಲಕ್ಕೆ ಜಾಮೀನು ನಿಂತು ಜಮೀನು ಕಳೆದುಕೊಂಡವರನ್ನು ನೆನೆಸಿಕೊಳ್ಳಿ, ಇದೂ ಅದೇ. 1837ರ ಮೇ ತಿಂಗಳಲ್ಲಿ ಬ್ಯಾಂಕುಗಳು ನೋಟಿಗೆ ಬೆಳ್ಳಿ ಬಂಗಾರ ಕೊಡುವುದನ್ನು ನಿಲ್ಲಿಸಿದವು. ಆ ಕುಸಿತದ ಅಲೆಯಲ್ಲಿ ಹಡಗು ಕಟ್ಟುವ ಉದ್ಯಮದ ಸ್ನೇಹಿತನೊಬ್ಬ ಮುಳುಗಿದ, ಅವನ ಪತ್ರಗಳ ಹಿಂದೆ ಜಾರ್ಜ್‌ನ ಸಹಿ ಇತ್ತು. 1841ರ ಡಿಸೆಂಬರ್ 24ರಂದು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಜಾರ್ಜ್ ತೀರಿಕೊಂಡಾಗ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಪತ್ರಗಳ ಗತಿ ಏನಾಯಿತು? ಜಾರ್ಜ್ ಬದುಕಿದ್ದಾಗಲೇ ಕೆಲವು ಭಾಗಗಳನ್ನು ಕ್ಲಾರ್ಕ್‌ಗೆ ಕೊಟ್ಟಿದ್ದ, ಅವನು 1836ರಲ್ಲಿ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದ. ಬ್ರೌನ್ ಬರೆಯಹೊರಟ ಜೀವನಚರಿತ್ರೆಗೆ ಜಾನ್‌ನ ಅಪ್ರಕಟಿತ ಕವಿತೆಗಳನ್ನು ಬಳಸಲು ಮಾತ್ರ ಜಾರ್ಜ್ ಒಪ್ಪಲಿಲ್ಲ. ತನ್ನನ್ನು ಕಳ್ಳನೆಂದವನ ಕೈಗೆ ಅಣ್ಣನ ಕಥೆ ಕೊಡಲು ಮನಸ್ಸಾಗದ್ದು ಅರ್ಥವಾಗುತ್ತದೆ. ಆದರೆ ಅದರಿಂದ ಕೀಟ್ಸನ ಬದುಕು ಓದುಗರಿಗೆ ಸಿಗುವುದು ವರ್ಷಗಟ್ಟಲೆ ತಡವಾಯಿತು. ಜಾರ್ಜಿಯಾನಾ 1843ರಲ್ಲಿ ಜಾನ್ ಜೆಫ್ರಿ ಎಂಬ ಸ್ಕಾಟಿಷ್ ಎಂಜಿನಿಯರನನ್ನು ಮದುವೆಯಾದಳು. ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಕೀಟ್ಸನ ಜೀವನಚರಿತ್ರೆ ಬರೆಯುವಾಗ ಜೆಫ್ರಿ 1845ರಲ್ಲಿ ಪತ್ರಗಳನ್ನು ನಕಲು ಮಾಡಿ ಕಳಿಸಿದ, 1848ರಲ್ಲಿ ಆ ಪುಸ್ತಕ ಬಂತು. ಜೆಫ್ರಿ ಬೇಜವಾಬ್ದಾರಿಯ ನಕಲುಗಾರ: ಪ್ಯಾರಾಗಳನ್ನೇ ಹಾರಿಸಿದ್ದಾನೆ, ಪದ ಬದಲಿಸಿದ್ದಾನೆ. ಆದರೂ ಅವನಿಗೆ ನಾವು ಋಣಿಗಳು. ಅನಿಶ್ಚಿತತೆಯಲ್ಲಿ, ಸಂದೇಹದಲ್ಲಿ ತಾಳ್ಮೆಗೆಡದೆ ಇರಬಲ್ಲ ಕವಿಯ ಶಕ್ತಿಯನ್ನು ಕೀಟ್ಸ್ 'ನೆಗೆಟಿವ್ ಕೇಪಬಿಲಿಟಿ' ಎಂದು ಕರೆದ ಪತ್ರ 1817ರ ಡಿಸೆಂಬರ್‌ನಲ್ಲಿ ಜಾರ್ಜ್ ಮತ್ತು ಟಾಮ್‌ಗೆ ಬರೆದದ್ದು. ಅದರ ಮೂಲ ಕಳೆದುಹೋಗಿದೆ. ಸಾಹಿತ್ಯ ವಿಮರ್ಶೆಯ ಪಾಠಗಳಲ್ಲೆಲ್ಲ ಬರುವ ಆ ಮಾತು ಉಳಿದಿರುವುದು ಜೆಫ್ರಿಯ ನಕಲಿನಲ್ಲಿ ಮಾತ್ರ.

ಜಾರ್ಜ್ ಬರೆದ ಉತ್ತರಗಳಲ್ಲಿ ಬೆರಳೆಣಿಕೆಯವು ಮಾತ್ರ ಉಳಿದಿವೆ. ಆದ್ದರಿಂದ ಓದುವಾಗ ಒಂದೇ ಕಡೆಯ ಮಾತು ಕೇಳಿಸುತ್ತದೆ, ಅವನ ಮೇಲೆ ಸಂಶಯ ಬೆಳೆಯಲು ಇದೂ ಒಂದು ಕಾರಣ. ಅವನ ಮಗಳು ಎಮ್ಮಾ 1882ರಲ್ಲಿ ಲೂಯಿವಿಲ್‌ಗೆ ಭಾಷಣಕ್ಕೆ ಬಂದ ಆಸ್ಕರ್ ವೈಲ್ಡ್‌ನಿಗೆ ಮನೆಯಲ್ಲಿದ್ದ ಹಸ್ತಪ್ರತಿಗಳನ್ನು ತೋರಿಸಿದಳು, ಒಂದು ಸುನೀತದ ಹಸ್ತಪ್ರತಿಯನ್ನು ಆಮೇಲೆ ಕಳಿಸಿಯೂ ಕೊಟ್ಟಳು. ಎಮ್ಮಾಳ ಮಗ ಮರುವರ್ಷ ನ್ಯೂಯಾರ್ಕಿನಲ್ಲಿ ಆ ಪತ್ರಗಳ ಒಂದು ಸಂಪಾದನೆ ತಂದ.

ಎಲ್ಲಿಂದ ಶುರು ಮಾಡಬೇಕೆಂದು ಕೇಳಿದ್ದೀರಿ. 1819ರ ಫೆಬ್ರವರಿಯಿಂದ ಮೇವರೆಗಿನ ಪತ್ರದಿಂದ ಶುರು ಮಾಡಿ, ಒಂದೇ ಕೂತಿಗೆ ಮುಗಿಸಬೇಡಿ. ಅವನು ಬರೆದ ಹಾಗೆ ದಿನಕ್ಕೆ ಒಂದು ತುಣುಕು ಓದಿ. ಆಮೇಲೆ ಹಿಂದಕ್ಕೆ ಹೋಗಿ 1818ರ ಅಕ್ಟೋಬರ್ ಮತ್ತು ಡಿಸೆಂಬರ್ ಪತ್ರಗಳನ್ನು ನೋಡಿ. ಫ್ಯಾನಿ ಬ್ರಾನ್ ಎಂಬ ಹುಡುಗಿಯ ಬಗ್ಗೆ ಜಾನ್ ಬರೆದ ಮೊದಲ ವರ್ಣನೆ ಆ ಡಿಸೆಂಬರ್ ಪತ್ರದಲ್ಲಿದೆ, ಪ್ರೀತಿಸಿದ್ದನ್ನು ಮಾತ್ರ ಅವನು ತಮ್ಮನಿಗೆ ಹೇಳಲಿಲ್ಲ. ನಂತರ 1819ರ ಸೆಪ್ಟೆಂಬರ್‌ನದು, ಹಣದ ಮಾತು ಹೆಚ್ಚಿರುವುದರಿಂದ ಅದನ್ನು ನಿಧಾನವಾಗಿ ಓದಿ. ಕೊನೆಗೆ 1820ರ ನವೆಂಬರ್ 30ರಂದು ರೋಮಿನಿಂದ ಬ್ರೌನ್‌ಗೆ ಬರೆದದ್ದು, ಅವನ ಕೈಯಿಂದ ಬಂದ ನಮಗೆ ಗೊತ್ತಿರುವ ಕೊನೆಯ ಪತ್ರ. ನಾನು ಹೇಗಿದ್ದೇನೆಂದು ಜಾರ್ಜ್‌ಗೆ ಕೂಡಲೇ ಬರೆದು ತಿಳಿಸು ಎಂದು ಅದರಲ್ಲಿ ಕೇಳಿಕೊಂಡಿದ್ದಾನೆ. ತಮ್ಮನ ಮೇಲೆ ಅವನಿಗೆ ಕೊನೆಗೆ ಏನನ್ನಿಸಿತ್ತು ಎಂಬುದಕ್ಕೆ ಗೆಳೆಯರ ಮಾತುಗಳಿಗಿಂತ ಆ ಸಾಲಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಓದಲು ಹಾರ್ವರ್ಡ್‌ನಿಂದ 1958ರಲ್ಲಿ ಬಂದ ಎರಡು ಸಂಪುಟಗಳ ಸಂಪಾದನೆ ಸಿಕ್ಕರೆ ಒಳ್ಳೆಯದು. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವ 1848ರ ಪುಸ್ತಕದ ಪಾಠ ಜೆಫ್ರಿಯ ಕತ್ತರಿಯಿಂದ ಬಂದದ್ದು, ಅಮೆರಿಕದ ಪತ್ರಗಳ ಮಟ್ಟಿಗೆ ಅದನ್ನು ನೆಚ್ಚಬೇಡಿ.